ಪೈಪಿನೊಳಗೆ ಮನುಷ್ಯ ಇಳಿಯಬಾರದೆಂದರೆ...

ಮದ್ರಸಾಗಳಲ್ಲಿ ಕಲಿಸುವ ಫಿಕ್ಹ್ ಗ್ರಂಥಗಳಲ್ಲಿ ಹೆಚ್ಚಿನವು ಶುದ್ಧಿಯ ಅಧ್ಯಾಯದಿಂದಲೇ ಆರಂಭವಾಗುತ್ತವೆ. ನಮಾಝ್, ಉಪವಾಸ, ಝಕಾತ್, ಹಜ್ಜ್ ಎಲ್ಲವೂ ಅದರ ನಂತರ. ಯಾವ ನೀರು ಶುದ್ಧ, ಯಾವುದು ಅಶುದ್ಧ, ವುಝೂ ಹೇಗೆ, ಸ್ನಾನ ಹೇಗೆ, ಬಟ್ಟೆಗೆ ನಜಸ್ ತಗಲಿದರೆ ತೊಳೆಯುವುದು ಹೇಗೆ ಎಂಬುದನ್ನೆಲ್ಲ ಕಲಿತ ಮೇಲೆಯೇ ವಿದ್ಯಾರ್ಥಿನಿ ಮುಂದಿನ ಅಧ್ಯಾಯ ತೆರೆಯುತ್ತಾಳೆ. ನಾನು ಅದನ್ನೇ ಕಲಿತು, ಈಗ ಅದನ್ನೇ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದೇನೆ. ಈ ಪಾಠ ನಡೆಯುವಾಗ ಎಂಟು ವರ್ಷದ ಹುಡುಗಿಯೊಬ್ಬಳು ಕೇಳಿದ್ದಳು: "ಆಪಾ, ನಾವು ತೊಳೆದ ಗಲೀಜು ಆಮೇಲೆ ಎಲ್ಲಿಗೆ ಹೋಗುತ್ತೆ?"

ಪುಸ್ತಕದಲ್ಲಿ ಇದಕ್ಕೆ ನೇರ ಉತ್ತರವಿಲ್ಲ. ಆ ಗ್ರಂಥಗಳು ರಚನೆಯಾದ ಕಾಲದಲ್ಲಿ ಮನೆಮನೆಗೂ ನಲ್ಲಿ, ಫ್ಲಶ್, ನೆಲದಡಿಯ ಕೊಳವೆ ಇರಲಿಲ್ಲ. ಆದರೆ ಆ ಅಧ್ಯಾಯದ ಆಶಯದಲ್ಲಿ ಉತ್ತರವಿದೆ. ಜನರು ನಡೆಯುವ ದಾರಿಯಲ್ಲಿ, ಕುಳಿತುಕೊಳ್ಳುವ ನೆರಳಿನಲ್ಲಿ, ನೀರು ತುಂಬುವ ಸ್ಥಳದಲ್ಲಿ ಮಲಮೂತ್ರ ವಿಸರ್ಜನೆ ಮಾಡಬಾರದೆಂದು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಅಂದರೆ ನನ್ನ ಶುದ್ಧಿ ಇನ್ನೊಬ್ಬರ ಸಂಕಟವಾಗಬಾರದು. ನಮ್ಮ ಬಚ್ಚಲು ಥಳಥಳ ಹೊಳೆಯುತ್ತಿದ್ದು, ಅದೇ ಬಚ್ಚಲಿನ ಗಲೀಜು ಬೀದಿಯ ತುದಿಯಲ್ಲಿ ಒಬ್ಬ ಮನುಷ್ಯನ ಮೈಮೇಲೆ ಬೀಳುತ್ತಿದ್ದರೆ ನಮ್ಮ ತಹಾರತ್ ಪೂರ್ತಿಯಾಯಿತೆಂದು ಹೇಳಬಹುದೇ?

ಸಹೋದರಿಯರೇ, ನೆಲದಡಿಯ ಕೊಳವೆಗಳ ಬಗ್ಗೆ ಮತ್ತು ಆ ಕೊಳವೆಗಳೊಳಗೆ ಮನುಷ್ಯನ ಬದಲಿಗೆ ಹೋಗುವ ಸಲಕರಣೆಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಇದು ಇಂಜಿನಿಯರುಗಳ ವಿಷಯ, ನಮಗೇಕೆ ಎನ್ನಬೇಡಿ. ಆ ಸಲಕರಣೆ ಸರಾಗವಾಗಿ ಮುಂದೆ ಹೋಗುವುದೂ ನಡುವೆ ಸಿಕ್ಕಿಬೀಳುವುದೂ ಬಹುಮಟ್ಟಿಗೆ ನಮ್ಮ ಅಡುಗೆಮನೆಯಲ್ಲಿ ನಿರ್ಧಾರವಾಗುತ್ತದೆ.

ಹಿತ್ತಿಲ ಓಣಿಗಳು ಹೇಳುವ ಕಥೆ

ಬೆಂಗಳೂರಿನ ಹಳೆಯ ಬಡಾವಣೆಗಳನ್ನು ನೋಡಿದವರಿಗೆ ಒಂದು ವಿಷಯ ಕಣ್ಣಿಗೆ ಬಿದ್ದಿರಬಹುದು. ಚಾಮರಾಜಪೇಟೆ ತಲೆಯೆತ್ತಿದ್ದು 1892ರಲ್ಲಿ. 1898ರಲ್ಲಿ ನಗರಕ್ಕೆ ಪ್ಲೇಗ್ ಬಂದು, ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯತೊಡಗಿದಾಗ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಅಗಲ ರಸ್ತೆ, ಗಾಳಿ ಬೆಳಕು, ಮನೆಗಳ ನಡುವೆ ಅಂತರ, ಎಲ್ಲವೂ ಆರೋಗ್ಯದ ದೃಷ್ಟಿಯಿಂದಲೇ. ಅಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಒಂದು ಕಿರಿದಾದ ಓಣಿ ಇರುತ್ತದೆ. ಅದಕ್ಕೆ ಕನ್ಸರ್ವೆನ್ಸಿ ಲೇನ್ ಎಂದು ಹೆಸರು. ಇಂದು ಅಲ್ಲಿ ಸ್ಕೂಟರು ನಿಲ್ಲಿಸುತ್ತಾರೆ, ಹಳೆಯ ಸಾಮಾನು ಇಡುತ್ತಾರೆ. ಕೆಲವು ಓಣಿಗಳನ್ನು ಇತ್ತೀಚೆಗೆ ಬಣ್ಣ ಬಳಿದು ಚಂದಗೊಳಿಸಿದ್ದಾರೆ.

ಆ ಓಣಿ ಏಕಿತ್ತು? ಮನೆಯವರ ಕಣ್ಣಿಗೆ ಬೀಳದಂತೆ ಹಿಂಬದಿಯಿಂದ ಬಂದು, ಕಕ್ಕಸಿನ ಮಲವನ್ನು ಬುಟ್ಟಿಗೆ, ಬಕೆಟ್ಟಿಗೆ ತುಂಬಿಕೊಂಡು ಹೋಗಬೇಕಾಗಿದ್ದ ಮನುಷ್ಯರಿಗಾಗಿ. ಊರನ್ನು ರೋಗದಿಂದ ಕಾಪಾಡಲು ಅಷ್ಟೊಂದು ಯೋಚಿಸಿದವರು ಆ ಬುಟ್ಟಿ ಹೊರುವವನ ರೋಗದ ಬಗ್ಗೆ ಯೋಚಿಸಲಿಲ್ಲ. ಅವನಿಗೆಂದು ಒಂದು ದಾರಿ ಮಾಡಿಕೊಟ್ಟರು, ಅಷ್ಟೆ. ಯಾವ ಜಾತಿಯವರು ಆ ಕೆಲಸಕ್ಕೆ ನೇಮಕವಾಗುತ್ತಿದ್ದರು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸುವ ಕೆಲಸ ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ನಡೆಯಿತು. ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ, ಸ್ವತಃ ದಲಿತ ಸಮುದಾಯದಿಂದ ಬಂದ ಬಿ. ಬಸವಲಿಂಗಪ್ಪನವರು ಅದನ್ನು ನಿಷೇಧಿಸಿದರು. ಅಷ್ಟರಲ್ಲಿ ನಗರದಲ್ಲಿ ನೆಲದಡಿಯ ಒಳಚರಂಡಿಯೂ ಹರಡತೊಡಗಿತ್ತು. 1964ರಲ್ಲಿ ಜಲಮಂಡಳಿ ಸ್ಥಾಪನೆಯಾದ ಮೇಲೆ ನೀರು ಕೊಡುವುದು ಮತ್ತು ಕೊಳಚೆ ಸಾಗಿಸುವುದು ಎರಡೂ ಅದರ ಹೊಣೆಯಾಯಿತು. ಬುಟ್ಟಿಯ ಜಾಗಕ್ಕೆ ಪೈಪು ಬಂತು, ಮನುಷ್ಯ ಹೊರುವುದು ತಪ್ಪಿತು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಪೈಪು ಕಟ್ಟಿಕೊಂಡಾಗ? ಹಿತ್ತಿಲ ಓಣಿಯಿಂದ ಹೊರಟುಹೋದ ಅದೇ ಮನುಷ್ಯನನ್ನು ಬೀದಿಯ ಮ್ಯಾನ್‌ಹೋಲಿಗೆ ಕರೆದರು. ಮೊದಲು ಅವನ ತಲೆಯ ಮೇಲೆ ಗಲೀಜು ಇತ್ತು. ಈಗ ಗಲೀಜಿನೊಳಗೆ ಅವನ ತಲೆ ಮುಳುಗಿತು.

ಕೊಳವೆ ಏಕೆ ಕಟ್ಟಿಕೊಳ್ಳುತ್ತದೆ?

ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪುಗಳ ಬಲದಿಂದ ಮೇಲೇರಿ ಬರುತ್ತದೆ. ಹೀಗೆ ಬಂದ ನೀರಿನಲ್ಲಿ ಸುಮಾರು ನೂರಕ್ಕೆ ಎಂಬತ್ತರಷ್ಟು ಕೊಳಚೆಯಾಗಿ ಹಿಂದಿರುಗುತ್ತದೆಂದು ಇಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಬರುವಾಗ ಪಂಪು ತಳ್ಳುತ್ತದೆ. ಆದರೆ ನಮ್ಮ ಬೀದಿಯಿಂದ ಹೋಗುವಾಗ ತಳ್ಳುವವರು ಯಾರೂ ಇಲ್ಲ. ಒಳಚರಂಡಿಯ ಕೊಳವೆಯನ್ನು ತುಸುವೇ ಇಳಿಜಾರಾಗಿ ಇಟ್ಟಿರುತ್ತಾರೆ. ಕಣ್ಣಿಗೆ ಅದು ಅಡ್ಡಲಾಗಿ ಮಲಗಿದಂತೆಯೇ ಕಾಣುತ್ತದೆ. ಆ ಸ್ವಲ್ಪ ಇಳಿಜಾರಿನಲ್ಲಿ ನೀರು ಸೆಕೆಂಡಿಗೆ ಸುಮಾರು 60 ಸೆಂಟಿಮೀಟರ್ ವೇಗದಲ್ಲಾದರೂ ಹರಿದರೆ ಮರಳು, ಮಲ, ಆಹಾರದ ಚೂರುಗಳನ್ನು ತಾನೇ ಕೊಚ್ಚಿಕೊಂಡು ಹೋಗುತ್ತದೆ. ವೇಗ ಅದಕ್ಕಿಂತ ಕಡಿಮೆಯಾದರೆ ಭಾರದ ವಸ್ತುಗಳು ತಳದಲ್ಲಿ ಕುಳಿತುಬಿಡುತ್ತವೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ ಕೂಡಿಕೊಂಡು ಕೊನೆಗೆ ದಾರಿಯೇ ಮುಚ್ಚುತ್ತದೆ.

ಹಳೆಯ ಬಡಾವಣೆಗಳಲ್ಲಿ ಇನ್ನೂ ಕೆಲವು ತೊಂದರೆಗಳಿವೆ. ಹಿಂದೆ ಸುಟ್ಟ ಜೇಡಿಮಣ್ಣಿಗೆ ಹೊಳಪು ಕೊಟ್ಟ ಗಟ್ಟಿ ಕೊಳವೆಗಳನ್ನು ಹಾಕುತ್ತಿದ್ದರು. ಅವು ಚಿಕ್ಕಚಿಕ್ಕ ತುಂಡುಗಳು. ಸ್ವಲ್ಪ ದೂರಕ್ಕೊಂದು ಜೋಡಣೆ. ಮಣ್ಣು ಕುಸಿದಾಗ ಜೋಡಣೆ ಒಂದು ಬೆರಳಿನಷ್ಟು ಸರಿಯುತ್ತದೆ. ಮಲ್ಲೇಶ್ವರ, ಬಸವನಗುಡಿಯ ಮರಗಳ ನೆರಳು ನಮಗೆಲ್ಲ ಪ್ರಿಯ. ಆದರೆ ಬೇರುಗಳಿಗೆ ನೀರು ಎಲ್ಲಿದೆಯೆಂದು ಚೆನ್ನಾಗಿ ಗೊತ್ತು. ಕೂದಲೆಳೆಯಷ್ಟು ಸಂದಿಯಲ್ಲಿ ಒಳಹೊಕ್ಕು ಕೊಳವೆಯೊಳಗೆ ಜಡೆಯಂತೆ ಹಬ್ಬುತ್ತವೆ. ಆ ಜಡೆಗೆ ಮೊದಲು ಸಿಕ್ಕಿಕೊಳ್ಳುವುದು ನಮ್ಮ ಮನೆಯಿಂದ ಹೋದ ಒಂದು ತುಂಡು ಬಟ್ಟೆ.

ನಾಡಾ ಪೋಣಿಸುವ ವಿದ್ಯೆ

ಕಟ್ಟಿಕೊಂಡ ಕೊಳವೆಯೊಳಗೆ ಸಲಕರಣೆಯನ್ನು ಕಳುಹಿಸುವುದು ಎಷ್ಟು ಕಷ್ಟ ಎಂಬುದು ನಮ್ಮ ಹೆಣ್ಣುಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಶಲ್ವಾರಿಗೆ ನಾಡಾ ಪೋಣಿಸುವುದನ್ನು ನೆನಪಿಸಿಕೊಳ್ಳಿ. ನೇಫಾ ಎಂದರೆ ಬಟ್ಟೆಯ ಒಂದು ಅಡ್ಡ ಕೊಳವೆ ತಾನೇ? ನಾಡಾವನ್ನು ಸುಮ್ಮನೆ ಹಿಂದಿನಿಂದ ತಳ್ಳಿ ನೋಡಿ. ನಾಲ್ಕು ಬೆರಳಿನಷ್ಟು ಹೋಗುತ್ತದೆ, ಆಮೇಲೆ ಮಡಿಕೆಯಾಗಿ ಮುದುಡಿ ಅಲ್ಲೇ ನಿಲ್ಲುತ್ತದೆ. ಹೆಚ್ಚು ಬಲ ಹಾಕಿದಷ್ಟೂ ಹೆಚ್ಚು ಮಡಿಕೆ. ಮಡಿಕೆಗಳು ನೇಫಾದ ಬಟ್ಟೆಗೆ ಒತ್ತಿಕೊಂಡು ಇನ್ನಷ್ಟು ಬಿಗಿಯಾಗುತ್ತವೆ. ಅದಕ್ಕೇ ನಾವು ತುದಿಗೆ ಸೇಫ್ಟಿ ಪಿನ್ ಸಿಕ್ಕಿಸುತ್ತೇವೆ. ಪಿನ್ನಿನ ತಲೆಯನ್ನು ಹಿಡಿದು ಮುಂದಕ್ಕೆಳೆದರೆ ನಾಡಾ ತಾನಾಗಿ ಹಿಂದೆ ಬರುತ್ತದೆ. ಆ ಪಿನ್ನಿನ ತಲೆ ದುಂಡಗೆ, ನುಣ್ಣಗೆ ಇರಬೇಕು. ಹೊಲಿಗೆಯ ಜೋಡಣೆ ಬಂದಲ್ಲಿ ಅದನ್ನು ಸ್ವಲ್ಪ ಮೇಲೆತ್ತಿ ದಾಟಿಸಬೇಕು.

ಕೊಳವೆಯ ಸಲಕರಣೆ ಮಾಡುವವರ ಇಡೀ ವಿದ್ಯೆ ಹೆಚ್ಚುಕಡಿಮೆ ಇಷ್ಟೇ. ಹಿಂದಿನವರು ಉದ್ದನೆಯ ಬಿದಿರಿನ ದಬ್ಬೆಗಳನ್ನು ಒಂದಕ್ಕೊಂದು ಕಟ್ಟಿ ಮ್ಯಾನ್‌ಹೋಲಿನಿಂದ ತಳ್ಳುತ್ತಿದ್ದರು. ಅದು ಪಿನ್ನಿಲ್ಲದ ನಾಡಾ. ಸ್ವಲ್ಪ ದೂರ ಹೋದ ಮೇಲೆ ಬಿದಿರು ಬಳುಕಿ ಕೊಳವೆಯ ಗೋಡೆಗೆ ಒತ್ತಿಕೊಳ್ಳುತ್ತದೆ, ಮುಂದೆ ಹೋಗದು. ಮೇಲಾಗಿ ದಬ್ಬೆಯನ್ನು ಸರಿಯಾದ ಕೋನದಲ್ಲಿ ತೂರಿಸಲು ಒಬ್ಬ ಮನುಷ್ಯ ಕೆಳಗೆ ಇಳಿದೇ ನಿಲ್ಲಬೇಕಾಗಿತ್ತು.

ಈಗಿನ ಜೆಟ್ಟಿಂಗ್ ಯಂತ್ರದಲ್ಲಿ ತಳ್ಳುವ ಕೆಲಸವಿಲ್ಲ. ಲಾರಿಯ ಮೇಲೆ ನೀರಿನ ಟ್ಯಾಂಕು, ಬಲವಾದ ಪಂಪು ಮತ್ತು ದೊಡ್ಡ ರಾಟೆಗೆ ಸುತ್ತಿದ ಗಟ್ಟಿ ರಬ್ಬರಿನ ಹೋಸ್ ಪೈಪು ಇರುತ್ತದೆ. ಹೋಸಿನ ತುದಿಗೆ ಅಂಗೈಯಲ್ಲಿ ಹಿಡಿಯಬಹುದಾದ ಲೋಹದ ಒಂದು ಗುಂಡು, ಅದರ ಹೆಸರು ನಾಝಲ್. ವಿಶೇಷವೆಂದರೆ ಅದರ ರಂಧ್ರಗಳು ಹೆಚ್ಚಾಗಿ ಹಿಮ್ಮುಖವಾಗಿರುತ್ತವೆ. ಊದಿದ ಬಲೂನಿನ ಬಾಯಿ ಬಿಟ್ಟರೆ ಗಾಳಿ ಹಿಂದಕ್ಕೆ ನುಗ್ಗಿ ಬಲೂನು ಮುಂದಕ್ಕೆ ಹಾರುವುದಿಲ್ಲವೇ? ಹಾಗೆಯೇ ನೀರು ರಭಸದಿಂದ ಹಿಂದಕ್ಕೆ ಚಿಮ್ಮಿದಾಗ ನಾಝಲ್ ಮುಂದಕ್ಕೆ ನುಗ್ಗುತ್ತದೆ, ತನ್ನ ಹಿಂದೆ ಹೋಸನ್ನು ತಾನೇ ಎಳೆದುಕೊಂಡು ಹೋಗುತ್ತದೆ. ಸಾಮಾನ್ಯವಾಗಿ ಇದನ್ನು ಕೆಳಗಿನ ಮ್ಯಾನ್‌ಹೋಲಿನಿಂದ ಮೇಲಿನ ಮ್ಯಾನ್‌ಹೋಲಿನ ಕಡೆಗೆ ಬಿಡುತ್ತಾರೆ. ವಾಪಸು ಎಳೆಯುವಾಗ ಹಿಂದಕ್ಕೆ ಚಿಮ್ಮುವ ನೀರೇ ಕೆಸರನ್ನು ಕೆಳಗಿನ ಮ್ಯಾನ್‌ಹೋಲಿಗೆ ತಂದು ಹಾಕುತ್ತದೆ. ಅಲ್ಲಿಂದ ಸಕ್ಕಿಂಗ್ ಯಂತ್ರ ಅದನ್ನು ಹೀರಿಕೊಳ್ಳುತ್ತದೆ. ಮನುಷ್ಯ ಮೇಲೆಯೇ ನಿಂತಿರುತ್ತಾನೆ.

ಈ ಸಣ್ಣ ಗುಂಡಿನಲ್ಲಿ ಎಷ್ಟು ಯೋಚನೆಯಿದೆ ನೋಡಿ. ರಂಧ್ರಗಳು ನೇರ ಹಿಂದಕ್ಕೆ ಮುಖ ಮಾಡಿದ್ದರೆ ಎಳೆಯುವ ಬಲ ಹೆಚ್ಚು, ಆದರೆ ಗೋಡೆ ಸರಿಯಾಗಿ ತೊಳೆಯುವುದಿಲ್ಲ. ಬದಿಗೆ ಓರೆಯಾಗಿದ್ದರೆ ಗೋಡೆಯ ಜಿಡ್ಡು ಚೆನ್ನಾಗಿ ಹೋಗುತ್ತದೆ, ಆದರೆ ಎಳೆತ ಕಡಿಮೆಯಾಗಿ ಗುಂಡು ದೂರ ಹೋಗದು. ಎಷ್ಟು ಓರೆ ಇರಬೇಕೆಂಬುದು ಕೆಲಸವನ್ನು ನೋಡಿ ತೀರ್ಮಾನವಾಗಬೇಕು. ಹೋಸು ಒಳಗೆ ಹೋದಷ್ಟೂ ಅದರ ಭಾರ ತಳಕ್ಕೆ ಉಜ್ಜಿ ಹಿಂದಕ್ಕೆ ಜಗ್ಗುತ್ತದೆ. ಸರಿದ ಜೋಡಣೆಯ ಅಂಚಿಗೆ ತಲೆ ತಾಗದಂತೆ ಕೆಲವು ನಾಝಲ್‌ಗಳಿಗೆ ಸುತ್ತ ಕಂಬಿಗಳ ಪಂಜರ ಕಟ್ಟಿರುತ್ತಾರೆ. ಆಗ ಗುಂಡು ಕೆಸರಿನಲ್ಲಿ ಹೂತುಹೋಗದೆ ಕೊಳವೆಯ ನಡುಮಧ್ಯದಲ್ಲಿ ತೇಲಿದಂತೆ ಸಾಗುತ್ತದೆ. ಬೇರು ಕತ್ತರಿಸಲು ತಿರುಗುವ ಸರಪಳಿ ಇರುವ ನಾಝಲ್ ಬೇರೆ. ಒಳಗೆ ಏನಾಗಿದೆಯೆಂದು ನೋಡಲು ಚಕ್ರಗಳ ಮೇಲೆ ಓಡುವ ಪುಟ್ಟ ಕ್ಯಾಮರಾ ಬೇರೆ.

ನಮ್ಮ ಬೀದಿಯಲ್ಲಿ ಕಂಡದ್ದು

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಒಂದು ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕಿತು. ಮಕ್ಕಳು ಇಟ್ಟಿಗೆಗಳ ಮೇಲೆ ಕಾಲಿಟ್ಟು ಶಾಲೆಗೆ ಹೋದರು, ಮಸೀದಿಗೆ ಹೊರಟ ಹಿರಿಯರು ಪೈಜಾಮ ಎತ್ತಿ ಹಿಡಿದು ಸುತ್ತುದಾರಿ ಹಿಡಿದರು. ಮರುದಿನ ಯಂತ್ರದ ಲಾರಿ ಬಂತು. ಎರಡು ಕಡೆ ನಿಲ್ಲಿಸಿದ್ದ ಬೈಕುಗಳನ್ನು ಸರಿಸುವುದರಲ್ಲೇ ಅರ್ಧ ಗಂಟೆ ಹೋಯಿತು. ಮೂರು ಮಂದಿ ಕೆಲಸಗಾರರಿದ್ದರು. ನಾಝಲ್ ಒಳಗೆ ಹೋಯಿತು, ರಾಟೆ ತಿರುಗಿತು, ಸ್ವಲ್ಪ ಹೊತ್ತಿನಲ್ಲೇ ನಿಂತಿತು. ಹಿಂದಕ್ಕೆ ಎಳೆದು ಮತ್ತೆ ಬಿಟ್ಟರು. ಮತ್ತೆ ಅದೇ ಜಾಗದಲ್ಲಿ ನಿಂತಿತು. ನಾಲ್ಕನೆಯ ಸಲ ದಾರಿ ಬಿಟ್ಟುಕೊಟ್ಟಿತು.

ಅವರಿಗೆ ಚಹಾ ಕೊಡಲು ಹೋದಾಗ, ಹೊರಬಂದ ರಾಶಿಯನ್ನು ನೋಡಿದೆ. ಹತ್ತಿಯ ಪ್ಯಾಡುಗಳು, ಮಗುವಿನ ಡೈಪರ್, ಒರೆಸುವ ಬಟ್ಟೆಯ ಚೂರುಗಳು, ಗುಟ್ಕಾ ಪ್ಯಾಕೆಟ್ಟು, ಹಾಲಿನ ಕವರಿನ ಮೂಲೆಗಳು, ಕೂದಲಿನ ಉಂಡೆಗಳು. ಇವನ್ನೆಲ್ಲ ಒಟ್ಟಿಗೆ ಹಿಡಿದಿಟ್ಟಿದ್ದ ಬಿಳಿಯ ಗಟ್ಟಿ ಪದಾರ್ಥವೊಂದಿತ್ತು. ಸಾಬೂನಿನ ಗಡ್ಡೆಯಂತೆ ಕಾಣುತ್ತಿತ್ತು. "ಇದೇನಣ್ಣಾ?" ಎಂದು ಕೇಳಿದೆ. ವಯಸ್ಸಾದ ಕೆಲಸಗಾರ ನಕ್ಕರು. "ಅಡುಗೆ ಎಣ್ಣೆ ಅಮ್ಮಾ. ಕೊಬ್ಬು. ಸುರಿಯೋವಾಗ ನೀರಿನ ಥರ ಇರುತ್ತೆ, ಕೆಳಗೆ ಹೋಗಿ ಕಲ್ಲಾಗುತ್ತೆ" ಎಂದರು. ಆಮೇಲೆ ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: "ಮಷಿನ್ ಒಳ್ಳೇದೇ. ಮಣ್ಣಿದ್ರೆ ಕೊಚ್ಚಿ ಹಾಕುತ್ತೆ. ಬಟ್ಟೆ ಸಿಕ್ಕೊಂಡ್ರೆ ಮಾತ್ರ ಅದೂ ಸುಮ್ನೆ ನಿಂತ್ಬಿಡುತ್ತೆ. ಆಗ ನಮ್ಮ ಮುಖ ನೋಡ್ತಾರೆ."

ನಮ್ಮ ಮುಖ ನೋಡುತ್ತಾರೆ ಎಂದರೆ ಇಳಿಯುತ್ತೀಯಾ ಎಂದು ಕೇಳುತ್ತಾರೆ ಎಂದರ್ಥ. ಹಿಂದೆ ತಮ್ಮ ಪ್ರಾಯದಲ್ಲಿ ಹಲವು ಬಾರಿ ಇಳಿದಿದ್ದರಂತೆ. ಮಗನನ್ನು ಈ ಕೆಲಸಕ್ಕೆ ಕಳುಹಿಸಿಲ್ಲ ಎಂದು ಹೇಳುವಾಗ ಮಾತ್ರ ಅವರ ದನಿಯಲ್ಲಿ ಸಂತೋಷವಿತ್ತು.

ಎಣ್ಣೆಯ ಬಾವಿಯಲ್ಲೂ ಇದೇ ಸಮಸ್ಯೆ

ಸಲಕರಣೆಯನ್ನು ಅಡ್ಡ ದಾರಿಯಲ್ಲಿ ಸಾಗಿಸುವ ಈ ಸಮಸ್ಯೆ ಕೊಳಚೆಗೆ ಮಾತ್ರ ಸೀಮಿತವಲ್ಲ. ಅಡ್ಡ ಬಾವಿ ಎಂದರೆ ಕಾಸರಗೋಡು, ದಕ್ಷಿಣ ಕನ್ನಡದ ಓದುಗರಿಗೆ ಗುಡ್ಡ ಕೊರೆದು ನೀರು ತರುವ ಸುರಂಗಗಳು ನೆನಪಾಗಬಹುದು. ಅಲ್ಲಿ ಮನುಷ್ಯ ಬಗ್ಗಿಕೊಂಡು ಒಳಹೋಗಬಹುದು. ಗಲ್ಫ್‌ನಲ್ಲಿ, ನಮ್ಮ ದೇಶದಲ್ಲೂ ಎಣ್ಣೆಗಾಗಿ ಕೊರೆಯುವ ಅಡ್ಡ ಬಾವಿಗಳು ಬೇರೆ ಬಗೆಯವು. ಮೊದಲು ನೇರ ಕೆಳಗೆ ಹೋಗಿ, ಮೆಲ್ಲನೆ ಬಾಗಿ, ಎಣ್ಣೆಯ ಪದರದೊಳಗೆ ಒಂದೆರಡು ಕಿಲೋಮೀಟರ್ ಅಡ್ಡಲಾಗಿ ಸಾಗುತ್ತವೆ. ಅಗಲ ನಮ್ಮ ಊಟದ ತಟ್ಟೆಯಷ್ಟೂ ಇಲ್ಲ. ನೇರ ಭಾಗದಲ್ಲಿ ಸಲಕರಣೆ ಹಗ್ಗ ಕಟ್ಟಿದ ಬಿಂದಿಗೆಯಂತೆ ತನ್ನ ಭಾರದಿಂದಲೇ ಇಳಿಯುತ್ತದೆ. ಅಡ್ಡ ಭಾಗ ಬಂದ ಕೂಡಲೇ ಅದೇ ಭಾರ ಶತ್ರುವಾಗುತ್ತದೆ. ಸಲಕರಣೆ ತಳಕ್ಕೆ ಒರಗಿ ಮಲಗುತ್ತದೆ. ಉದ್ದನೆಯ ಉಕ್ಕಿನ ಕೊಳವೆಯಿಂದ ತಳ್ಳಿದರೆ ಆ ಉಕ್ಕೂ ನಮ್ಮ ನಾಡಾದಂತೆ ಸುರುಳಿ ಸುರುಳಿಯಾಗಿ ಬಾಗಿ ಗೋಡೆಗೆ ಬಿಗಿದುಕೊಳ್ಳುತ್ತದೆ. ಆದ್ದರಿಂದ ಸಲಕರಣೆಯ ಸುತ್ತ ಉರುಳುಗಾಲಿಗಳನ್ನು ಜೋಡಿಸುತ್ತಾರೆ, ಗೋಡೆಗೆ ಚಕ್ರ ಒತ್ತಿ ತಾನೇ ಮುಂದಕ್ಕೆ ತೆವಳುವ ಟ್ರಾಕ್ಟರುಗಳನ್ನು ಇಳಿಸುತ್ತಾರೆ.

ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ಬಳಿಯ ದೇವನಗೊಂದಿಯವರೆಗೆ ಪೆಟ್ರೋಲ್, ಡೀಸೆಲ್ ತರುವ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆಮಾರ್ಗ 2003ರಿಂದ ಇದೆ. ಇಂತಹ ಕೊಳವೆಗಳನ್ನು ಒಳಗಿನಿಂದ ಶುಚಿ ಮಾಡಲು ರಬ್ಬರಿನಂತಹ ಬಿಗಿ ಬಟ್ಟಲುಗಳಿರುವ ಸಾಧನವನ್ನು ಒಳಗೆ ಬಿಡುತ್ತಾರೆ. ಹಿಂದಿನಿಂದ ಹರಿದುಬರುವ ಎಣ್ಣೆಯ ಒತ್ತಡವೇ ಅದನ್ನು ತಳ್ಳಿಕೊಂಡು ಹೋಗುತ್ತದೆ. ಇಂಜಿನಿಯರುಗಳು ಅದಕ್ಕಿಟ್ಟ ಹೆಸರು ಪಿಗ್, ಅಂದರೆ ಹಂದಿ! ಹೆಸರು ಕೇಳಿ ನನ್ನ ವಿದ್ಯಾರ್ಥಿನಿಯರು ಬಾಯಿಗೆ ಕೈಯಿಟ್ಟು ನಕ್ಕರು. ಕೆಲವು ಸಾಧನಗಳು ಶುಚಿ ಮಾಡುವುದಲ್ಲದೆ ಕೊಳವೆಯ ಗೋಡೆ ಎಲ್ಲಿ ತೆಳುವಾಗಿದೆಯೆಂದು ಅಳೆದು ಬರುತ್ತವೆ.

ನನಗನಿಸುವುದಿಷ್ಟು. ಎಣ್ಣೆಯ ಕೊಳವೆಯೊಳಗೆ ಮನುಷ್ಯನನ್ನು ಕಳುಹಿಸೋಣ ಎಂದು ಯಾರೂ ಎಂದೂ ಹೇಳಲಿಲ್ಲ. ಅಲ್ಲಿ ಸಲಕರಣೆ ಸಿಕ್ಕಿಬಿದ್ದರೆ ಇನ್ನೂ ಉತ್ತಮವಾದ ಸಲಕರಣೆ ಮಾಡಿದರು. ಕೊಳಚೆಯ ಕೊಳವೆಯ ವಿಷಯದಲ್ಲಿ ಮಾತ್ರ ಅಗ್ಗದ ಸಲಕರಣೆಯೊಂದು ಸದಾ ಕೈಗೆ ಸಿಗುತ್ತಿತ್ತು. ಅದಕ್ಕೆ ಎರಡು ಕೈ, ಎರಡು ಕಾಲು, ಮನೆಯಲ್ಲಿ ಕಾಯುವ ಹೆಂಡತಿ ಮಕ್ಕಳು ಇದ್ದರು.

ಒಳಗೆ ಇರುವುದು ಸಾವು

ಮ್ಯಾನ್‌ಹೋಲಿನೊಳಗೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಸೇರಿಕೊಂಡಿರುತ್ತದೆ. ಅದರ ಪ್ರಮಾಣ ಹೆಚ್ಚಾದಾಗ ಮೂಗು ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ವಾಸನೆ ಹೋಯಿತು, ಅಪಾಯವಿಲ್ಲ ಎಂದುಕೊಂಡವನು ಎರಡು ಉಸಿರಿನಲ್ಲಿ ಕುಸಿದು ಬೀಳಬಹುದು. ಮೀಥೇನ್ ತುಂಬಿದಲ್ಲಿ ಆಮ್ಲಜನಕವೇ ಇರುವುದಿಲ್ಲ. ಮೊದಲನೆಯವನನ್ನು ಎತ್ತಲು ಎರಡನೆಯವನು, ಅವನನ್ನು ಎತ್ತಲು ಮೂರನೆಯವನು ಇಳಿದು ಎಲ್ಲರೂ ಸತ್ತ ಸುದ್ದಿಗಳನ್ನು ನಾವು ಓದಿದ್ದೇವೆ.

1993ರಲ್ಲಿ ಮಲ ಹೊರುವುದನ್ನು ನಿಷೇಧಿಸುವ ಕಾನೂನು ಬಂತು. 2013ರ ಕಾನೂನು ಒಳಚರಂಡಿ, ಮಲಗುಂಡಿಗಳ ಅಪಾಯಕಾರಿ ಶುಚಿ ಕಾರ್ಯಕ್ಕೆ ಯಾರನ್ನೂ ನೇಮಿಸಬಾರದೆಂದಿತು. ಕೋಲಾರದ ಚಿನ್ನದ ಗಣಿಯ ಕಾಲೊನಿಯಲ್ಲಿ ಇದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನದ ಅರ್ಜಿಯ ಮೇಲೆ 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು, 1993ರಿಂದ ಈ ಕೆಲಸದಲ್ಲಿ ಸತ್ತವರ ಕುಟುಂಬಗಳಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2023ರ ಅಕ್ಟೋಬರ್‌ನಲ್ಲಿ ಕೋರ್ಟು ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿ 29ರಂದು ಬೆಂಗಳೂರು ಸೇರಿದಂತೆ ಆರು ಮಹಾನಗರಗಳಲ್ಲಿ ಇದು ನಡೆಯಲೇಬಾರದೆಂದು ಮತ್ತೆ ಆದೇಶಿಸಿತು. ಕಾನೂನು ಮತ್ತೆ ಮತ್ತೆ ಹೇಳಬೇಕಾಗಿ ಬಂದಿದೆ ಎಂಬುದರಲ್ಲೇ ನಮ್ಮ ಸಮಾಜದ ಸ್ಥಿತಿ ತಿಳಿಯುತ್ತದೆ.

ನಮ್ಮ ಹಿರಿಯರ ಯೋಚನೆ

ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿ ಬನೂ ಮೂಸಾ ಎಂದು ಪ್ರಸಿದ್ಧರಾದ ಮೂವರು ಸಹೋದರರಿದ್ದರು. ಯಂತ್ರಗಳ ಬಗ್ಗೆ ಅವರು ಬರೆದ ಕಿತಾಬುಲ್ ಹಿಯಲ್ ಎಂಬ ಗ್ರಂಥದಲ್ಲಿ ಹೆಚ್ಚಿನವು ಚಮತ್ಕಾರದ ಪಾತ್ರೆಗಳು, ಕಾರಂಜಿಗಳು. ಆದರೆ ಅವುಗಳ ನಡುವೆ ಎರಡು ಸಾಧನಗಳಿವೆ. ಒಂದು, ಇಳಿದವರನ್ನು ಕೊಲ್ಲುವ ವಿಷಗಾಳಿಯ ಬಾವಿಗಳಲ್ಲಿ ಕೆಲಸಗಾರನಿಗೆ ತಿದಿಯಿಂದ ಶುದ್ಧ ಗಾಳಿ ಒದಗಿಸುವ ಸಾಧನ. ಇನ್ನೊಂದು, ನೀರಿನ ತಳದಲ್ಲಿರುವ ವಸ್ತುವನ್ನು ಮೇಲಿನಿಂದಲೇ ಬಾಚಿ ಎತ್ತುವ ಸಾಧನ. ರಾಜರಿಗೆ ಕಾರಂಜಿ ಮಾಡಿಕೊಟ್ಟವರು ಬಾವಿ ತೋಡುವ ಕೂಲಿಯ ಉಸಿರಿನ ಬಗ್ಗೆಯೂ ಯೋಚಿಸಿದ್ದರು.

ನಮ್ಮದೇ ನಾಡಿನ ಬೀದರಿನಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಝ್ ಇದೆ. ನೌಬಾದಿನ ಬಳಿ ನೆಲದಡಿಯಲ್ಲಿ ಕಿಲೋಮೀಟರುಗಟ್ಟಲೆ ಸಾಗುವ ಈ ಕಾಲುವೆ ಸಣ್ಣ ಇಳಿಜಾರಿನಿಂದಲೇ ನೀರು ಹರಿಸುತ್ತಿತ್ತು. ಸ್ವಲ್ಪ ಸ್ವಲ್ಪ ದೂರಕ್ಕೆ ನೇರ ಬಾವಿಗಳನ್ನು ತೋಡಿದ್ದರು. ಕೆಳಗೆ ಕೆಲಸ ಮಾಡುವವರಿಗೆ ಗಾಳಿ, ಬೆಳಕು ಸಿಗಲಿ, ಹೂಳು ಎತ್ತಲು ಅನುಕೂಲವಾಗಲಿ ಎಂದು. ಈ ವಿದ್ಯೆ ಇರಾನಿನಿಂದ ಬಂದದ್ದು.

ಈ ಕಾಲದ ಉದಾಹರಣೆಯೂ ಇದೆ. 2015ರ ನವೆಂಬರಿನಲ್ಲಿ ಕೋಝಿಕ್ಕೋಡಿನಲ್ಲಿ ಮ್ಯಾನ್‌ಹೋಲಿಗೆ ಇಳಿದ ಆಂಧ್ರದ ಇಬ್ಬರು ಕೆಲಸಗಾರರು ಉಸಿರುಗಟ್ಟಿ ಒದ್ದಾಡುತ್ತಿದ್ದಾಗ, ಅವರ ಹೆಸರೂ ತಿಳಿಯದ ಒಬ್ಬ ಮುಸ್ಲಿಂ ಆಟೋ ಚಾಲಕ ಅವರನ್ನು ಉಳಿಸಲು ಇಳಿದರು. ಮೂವರೂ ತೀರಿಕೊಂಡರು. ಇನ್ನಾಲಿಲ್ಲಾಹಿ... ಈ ಘಟನೆ ಕೇರಳದ ಕೆಲವು ಯುವ ಇಂಜಿನಿಯರುಗಳನ್ನು ಕಲಕಿತು. ಅವರು ಮುಸ್ಲಿಂ ಎಜುಕೇಶನಲ್ ಸೊಸೈಟಿಯು ಕುಟ್ಟಿಪ್ಪುರಂನಲ್ಲಿ ನಡೆಸುವ ಎಂ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು, ಹಿಂದೂ ಮುಸ್ಲಿಂ ಕ್ರೈಸ್ತ ಹೆಸರುಗಳು ಕೂಡಿದ ಗೆಳೆಯರ ಬಳಗ. ಜೆನ್‌ರೋಬೋಟಿಕ್ಸ್ ಎಂಬ ಸಂಸ್ಥೆ ಕಟ್ಟಿ, ಮ್ಯಾನ್‌ಹೋಲಿಗೆ ಮನುಷ್ಯನ ಬದಲು ಇಳಿದು, ಕ್ಯಾಮರಾದಿಂದ ನೋಡಿ, ಯಾಂತ್ರಿಕ ತೋಳಿನಿಂದ ಕೆಸರೆತ್ತುವ ಬ್ಯಾಂಡಿಕೂಟ್ ಎಂಬ ರೋಬೋಟನ್ನು ಮಾಡಿದರು. 2018ರಲ್ಲಿ ತಿರುವನಂತಪುರದಲ್ಲಿ ಅದು ಕೆಲಸ ಆರಂಭಿಸಿತು. ಸಮುದಾಯದ ಒಂದು ಕಾಲೇಜು ಮಾಡಬಹುದಾದ ಒಳಿತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ನಿಮ್ಮ ಮಗಳು ಇಂಜಿನಿಯರಿಂಗ್ ಓದುತ್ತಿದ್ದರೆ ಈ ಕಥೆಯನ್ನು ಅವಳಿಗೆ ಹೇಳಿ.

ನಾವು ಮಾಡಬಹುದಾದದ್ದು

ಎಲ್ಲರೂ ರೋಬೋಟು ಮಾಡಲಾರರು. ಆದರೆ ಸಲಕರಣೆಯ ದಾರಿಯನ್ನು ಸುಗಮವಾಗಿಡುವುದು ಪ್ರತಿಯೊಬ್ಬ ಗೃಹಿಣಿಗೂ ಸಾಧ್ಯ.

ಬಿರಿಯಾನಿ, ಪಾಯ, ಕಬಾಬ್ ಮಾಡಿದ ದಿನ ಪಾತ್ರೆಯಲ್ಲಿ ಉಳಿದ ಎಣ್ಣೆ, ಕೊಬ್ಬನ್ನು ಸಿಂಕಿಗೆ ಸುರಿಯಬೇಡಿ. ಬಿಸಿನೀರು ಹಾಕಿದರೆ ಕರಗಿ ಹೋಗುತ್ತದೆಂಬುದು ಸಿಂಕಿನವರೆಗೆ ಮಾತ್ರ ನಿಜ. ಕೊಳವೆಯಲ್ಲಿ ತಣ್ಣಗಾದ ಕೂಡಲೇ ಅದು ಮತ್ತೆ ಗಟ್ಟಿಯಾಗುತ್ತದೆ. ಆರಿದ ಮೇಲೆ ಹಳೆಯ ಕಾಗದದಿಂದ ಒರೆಸಿ ಕಸಕ್ಕೆ ಹಾಕಿ, ನಂತರ ತೊಳೆಯಿರಿ. ಪ್ಯಾಡು, ಡೈಪರ್, ಒರೆಸುವ ವೈಪ್ಸ್ ಯಾವುದೂ ಕಮೋಡಿಗೆ ಹೋಗಬಾರದು. ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಿ. ಅದನ್ನು ಎತ್ತಿಕೊಳ್ಳುವವರೂ ಮನುಷ್ಯರೇ. ಹೆಣ್ಣುಮಕ್ಕಳು ಪ್ರಾಯಕ್ಕೆ ಬಂದಾಗ ಹೈಝ್‌ನ ಮಸ್‌ಅಲಾಗಳನ್ನು ಕಲಿಸುವ ತಾಯಂದಿರು ಇದನ್ನೂ ಅದರ ಜೊತೆಗೇ ಕಲಿಸಲಿ. ಬಚ್ಚಲಿನ ಜಾಲರಿಯಲ್ಲಿ ನಿಂತ ಕೂದಲನ್ನು ಕೈಯಿಂದ ತೆಗೆದು ಹಾಕಿ, ಜಾಲರಿಯನ್ನೇ ಎತ್ತಿ ಒಳಗೆ ತಳ್ಳಬೇಡಿ.

ಬಕ್ರೀದಿನ ದಿನಗಳಲ್ಲಿ ಕುರ್ಬಾನಿಯ ಕರುಳು, ಚರ್ಬಿ, ಸಗಣಿಯನ್ನು ಮ್ಯಾನ್‌ಹೋಲಿನ ಮುಚ್ಚಳ ತೆರೆದು ಸುರಿಯುವವರಿದ್ದಾರೆ. ಕುರ್ಬಾನಿ ಇಬಾದತ್ ಆಗಿರುವಾಗ ಅದರ ತ್ಯಾಜ್ಯದ ವಿಲೇವಾರಿಯೂ ಇಬಾದತ್ತಿನ ಭಾಗವೇ. ತ್ಯಾಜ್ಯ ಸಂಗ್ರಹಕ್ಕೆ ಗೊತ್ತುಮಾಡಿದ ಜಾಗಕ್ಕೇ ತಲುಪಿಸುವಂತೆ ಮನೆಯ ಗಂಡಸರಿಗೆ, ಕಸಾಯಿಗೆ ಮೊದಲೇ ಹೇಳಿ. ಮಾಳಿಗೆಯ ಮಳೆನೀರಿನ ಪೈಪನ್ನು ಒಳಚರಂಡಿಗೆ ಜೋಡಿಸಿದ್ದರೆ ಬೇರ್ಪಡಿಸಿ. ದೊಡ್ಡ ಮಳೆ ಬಂದಾಗ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಅದು ದೊಡ್ಡ ಕಾರಣ.

ಕಟ್ಟಿಕೊಂಡಾಗ ಜಲಮಂಡಳಿಯ 1916 ಸಂಖ್ಯೆಗೆ ಫೋನ್ ಮಾಡಿ, ಯಂತ್ರ ಬರುವವರೆಗೆ ಸಬ್ರ್ ಮಾಡಿ. ಐನೂರೋ ಸಾವಿರವೋ ಕೊಟ್ಟು ಯಾರನ್ನಾದರೂ ಗುಂಡಿಗೆ ಇಳಿಸುವುದು ಸುಲಭವಾಗಿ ಕಾಣಬಹುದು. ಆದರೆ ಅದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಮನೆಯವರಿಗೂ ಈ ಕಾನೂನು ಅನ್ವಯಿಸುತ್ತದೆ. ನೆರೆಮನೆಯವರು ಹಾಗೆ ಮಾಡಲು ಹೊರಟರೆ ತಡೆಯಿರಿ.

ದಾರಿಯಲ್ಲಿರುವ ತೊಡಕನ್ನು ಸರಿಸುವುದೂ ಈಮಾನಿನ ಒಂದು ಶಾಖೆಯೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಮುಳ್ಳು, ಕಲ್ಲು ಎಂದು ಉದಾಹರಣೆ ಕೊಡುತ್ತೇವೆ. ನೆಲದಡಿಯಲ್ಲೂ ದಾರಿಯಿದೆ, ಅಲ್ಲಿಯೂ ತೊಡಕುಗಳಿವೆ, ಅವುಗಳಲ್ಲಿ ಹೆಚ್ಚಿನವು ನಮ್ಮ ಮನೆಗಳಿಂದ ಹೋದವು. ನಮಾಝ್, ಉಪವಾಸದಲ್ಲಿ ಕೊರತೆಯಾದರೆ ಅಲ್ಲಾಹನು ಕ್ಷಮಿಸಬಲ್ಲನು. ಹಕ್ಕುಲ್ ಇಬಾದ್, ಅಂದರೆ ಮನುಷ್ಯರ ಹಕ್ಕು ಬಾಕಿಯಿದ್ದರೆ ಆ ಮನುಷ್ಯನೇ ಕ್ಷಮಿಸಬೇಕು. ನಮ್ಮ ಬಚ್ಚಲಿನ ಇನ್ನೊಂದು ತುದಿಯಲ್ಲಿ ನಿಂತಿರುವ ಆ ಅಪರಿಚಿತ ಸಹೋದರನಿಗೂ ನಮ್ಮ ಮೇಲೆ ಹಕ್ಕಿದೆ. ಅದನ್ನು ಈ ಲೋಕದಲ್ಲೇ ತೀರಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.